ಮಗುವಿಗೊಂದು ಗಣಕಯಂತ್ರ

ವಿದ್ಯೆಯ ಸಾಧನಗಳು ಉಳ್ಳವರ ಮಕ್ಕಳಿಗೆ ಮಾತ್ರ ದೊರೆತರೆ ಸಮಾಜದಲ್ಲಿ ಅಸಮಾನತೆ ಬೆಳೆಯುತ್ತದೆ. ಗಣಕಯಂತ್ರದ ವಿಷಯದಲ್ಲಿ ಹಾಗಾಗಬಾರದೆಂದು ಹಂಬಲಿಸಿದವರಲ್ಲಿ ಅಮೆರಿಕದ ಪ್ರಾಧ್ಯಾಪಕ ನಿಕೊಲಸ್ ನೆಗ್ರೊಪಾಂಟೆಯವರೂ ಒಬ್ಬರು. ನೂರು ಡಾಲರ್ ಬೆಲೆಯ ಪುಟ್ಟ ಗಣಕಯಂತ್ರವನ್ನು ಬಡ ದೇಶಗಳ ಮಕ್ಕಳಿಗೆ ಒದಗಿಸುವ ಯೋಜನೆಯನ್ನು ಅವರು 2005ರಲ್ಲಿ ಪ್ರಕಟಿಸಿದರು. 2007ರಲ್ಲಿ ಹೊರಬಂದ ಹಸಿರು-ಬಿಳಿ ಬಣ್ಣದ ಆ ಯಂತ್ರದ ಪರದೆಯನ್ನು ಬಿಸಿಲಿನಲ್ಲಿಯೂ ಓದಬಹುದಾಗಿತ್ತು. ಧೂಳು ಒಳಹೋಗದಂತೆ ಕೀಲಿಮಣೆಗೆ ರಬ್ಬರಿನ ಹೊದಿಕೆಯಿತ್ತು. ಬೆಲೆ ಮಾತ್ರ 180 ಡಾಲರುಗಳನ್ನು ಮೀರಿತು.

ಆದರೂ ದಕ್ಷಿಣ ಅಮೆರಿಕದ ಚಿಕ್ಕ ರಾಷ್ಟ್ರವಾದ ಉರುಗ್ವೆ ಹಿಂಜರಿಯಲಿಲ್ಲ. ಅಧ್ಯಕ್ಷ ತಬಾರೆ ವಾಸ್ಕೆಸ್ ಅವರ ಸರ್ಕಾರ 2007ರಲ್ಲಿ ಕಾರ್ಡಾಲ್ ಎಂಬ ಸಣ್ಣ ಊರಿನ ಶಾಲೆಯಲ್ಲಿ ಯಂತ್ರಗಳನ್ನು ಹಂಚಿತು. 2009ರ ಹೊತ್ತಿಗೆ ದೇಶದ ಸರ್ಕಾರಿ ಪ್ರಾಥಮಿಕ ಶಾಲೆಗಳ ಮಕ್ಕಳೆಲ್ಲರಿಗೂ ಅವು ತಲುಪಿದವು. ಅಂದಿನವರೆಗೆ ಗಣಕಯಂತ್ರವನ್ನೇ ಕಾಣದಿದ್ದ ಎಷ್ಟೋ ಮನೆಗಳಿಗೆ ಅದು ಮಗುವಿನ ಚೀಲದಲ್ಲಿ ಬಂದಿತು.

ಇಷ್ಟಾದರೂ, ಮೊದಲ ವರ್ಷಗಳಲ್ಲಿ ಗಣಿತ ಮತ್ತು ಓದಿನಲ್ಲಿ ಮಕ್ಕಳ ಮಟ್ಟ ಇದರಿಂದ ಏರಲಿಲ್ಲವೆಂದು ಸಂಶೋಧಕರು ಕಂಡುಕೊಂಡರು. ಸಾಧನ ಸಿಕ್ಕಿತ್ತು, ಅದನ್ನು ಪಾಠದೊಡನೆ ಬೆಸೆಯುವ ಕೆಲಸ ಇನ್ನೂ ಉಳಿದಿತ್ತು. ಶಾಲೆಗಳಲ್ಲಿ ಇಂಗ್ಲಿಷ್ ಶಿಕ್ಷಕರ ಕೊರತೆಯಿದ್ದುದರಿಂದ, 2012ರಲ್ಲಿ ದೂರದ ಶಿಕ್ಷಕರು ಅಂತರಜಾಲದ ಮೂಲಕ ಪರದೆಯ ಮೇಲೆ ಮೂಡಿ ಪಾಠ ಹೇಳತೊಡಗಿದರು. ತರಗತಿಯ ಶಿಕ್ಷಕರು ಮಕ್ಕಳ ಪಕ್ಕದಲ್ಲಿ ನಿಂತು ಅಭ್ಯಾಸ ಮಾಡಿಸಿದರು. ಸಾಧನ ಪಾಠದೊಡನೆ ಬೆಸೆದುಕೊಂಡದ್ದು ಹೀಗೆ.

ದೀಪವು ಎಲ್ಲರ ಮನೆಗೂ ಬರಬೇಕು, ನಿಜ. ಆ ಬೆಳಕಿನಲ್ಲಿ ಓದಿಸುವವರೂ ಓದುವವರೂ ಇದ್ದಾಗಲೇ ಅದು ವಿದ್ಯೆಯ ದೀಪವಾಗುತ್ತದೆ.