ಚಿರತೆ ಹಲ್ಲಿ: ಮನೆಯಲ್ಲಿ ಮರಿ ಮಾಡಿಸುವ ಕ್ರಮ

ಹಲ್ಲಿ ಲೊಚಗುಟ್ಟಿದರೆ ಶಕುನ ನೋಡುವವರಿಗೆ, ಹಲ್ಲಿಯನ್ನು ಪೆಟ್ಟಿಗೆಯಲ್ಲಿಟ್ಟು ಮರಿ ಮಾಡಿಸುವವರೂ ಇದ್ದಾರೆಂದರೆ ನಗು ಬಂದೀತು. ಅಮೆರಿಕ ಮತ್ತು ಯುರೋಪಿನ ದೇಶಗಳಲ್ಲಿ ಇದು ದಶಕಗಳಿಂದ ನಡೆದುಬಂದ ಹವ್ಯಾಸ; ಕೆಲವರಿಗೆ ಉಪಕಸುಬು. ಅಲ್ಲಿನ ಹೊಸಬರು ಹೆಚ್ಚಾಗಿ ಆರಿಸಿಕೊಳ್ಳುವುದು ಲೆಪರ್ಡ್ ಗೆಕ್ಕೊ ಎಂಬ ಚಿರತೆ ಹಲ್ಲಿಯನ್ನು. ಆಫ್ಘಾನಿಸ್ತಾನ, ಪಾಕಿಸ್ತಾನಗಳ ಒಣ ಕಲ್ಲುಭೂಮಿ ಇದರ ಮೂಲ ನೆಲೆ. ಹಳದಿ ಮೈಮೇಲೆ ಕಪ್ಪು ಚುಕ್ಕೆ, ಕೊಬ್ಬು ಕೂಡಿಟ್ಟ ದಪ್ಪ ಬಾಲ. ಮನೆಹಲ್ಲಿಗಿಲ್ಲದ ಕಣ್ಣುರೆಪ್ಪೆ ಇದಕ್ಕುಂಟು. ಗೋಡೆ ಹತ್ತಲು ಮಾತ್ರ ಬಾರದು. ವಿಷವಿಲ್ಲ.

ನಮ್ಮಲ್ಲಿ ಆಸಕ್ತಿಯುಳ್ಳವರು ಮೊದಲು ಕಾನೂನನ್ನು ತಿಳಿಯುವುದು ಅಗತ್ಯ. ಇದರ ಬಂಧು ಜಾತಿಗಳು ಮಹಾರಾಷ್ಟ್ರ, ಗುಜರಾತ್‌ಗಳ ಕಾಡುಗಳಲ್ಲಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಗೆ ಒಳಪಟ್ಟ ಜೀವಿಗಳನ್ನು ಹಿಡಿಯುವುದೂ ಮಾರುವುದೂ ಅಪರಾಧ. 2022ರ ತಿದ್ದುಪಡಿಯಂತೆ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಗಳನ್ನು ಇಟ್ಟುಕೊಂಡವರೂ ನೋಂದಣಿ ಮಾಡಿಸಬೇಕು. ಅರಣ್ಯ ಇಲಾಖೆಯಲ್ಲಿ ವಿಚಾರಿಸದೆ ಯಾವ ಹಲ್ಲಿಯನ್ನೂ ಕೊಳ್ಳಬಾರದು. ಟೋಕೆ ಎಂಬ ದೊಡ್ಡ ಹಲ್ಲಿಯಿಂದ ಏಡ್ಸ್ ವಾಸಿಯಾಗುತ್ತದೆ, ಒಂದಕ್ಕೆ ಲಕ್ಷಗಟ್ಟಲೆ ಬೆಲೆ ಎಂದು ಹೇಳಿಕೊಂಡು ಬರುವವರ ಮಾತು ಬರೀ ಮೋಸ.

ಮೇವು ಮೊದಲು

ಹಸುವಿಗೆ ಮುನ್ನ ಹುಲ್ಲು ಹೊಂದಿಸಿಕೊಳ್ಳುವಂತೆ ಇಲ್ಲಿ ಹುಳು ಹೊಂದಿಸಿಕೊಳ್ಳಬೇಕು. ಈ ಹಲ್ಲಿ ಸೊಪ್ಪು ಕಾಳು ಮುಟ್ಟುವುದಿಲ್ಲ. ಓಡಾಡುವ ಜೀವಂತ ಕೀಟವೇ ಆಗಬೇಕು. ರಾತ್ರಿ ಚಿರ್‌ಗುಟ್ಟುವ ಚಿಮ್ಮಂಡೆ, ತೌಡಿನಲ್ಲಿ ಬೆಳೆಸುವ ಮೀಲ್‌ವರ್ಮ್ ಹುಳು ಸಾಮಾನ್ಯ ಆಹಾರ. ಔಷಧಿ ಸಿಂಪಡಿಸಿದ ಹೊಲದ ಕೀಟ ಹಾಕಿದರೆ ಹಲ್ಲಿ ಸತ್ತೀತು. ಕೀಟಕ್ಕೆ ಒಂದು ದಿನ ಮುಂಚೆ ಕ್ಯಾರೆಟ್, ಸೊಪ್ಪು ತಿನ್ನಿಸಿ, ಕ್ಯಾಲ್ಸಿಯಂ ಪುಡಿ ಸವರಿ ಕೊಡುವುದು ರೂಢಿ. ಮೊಟ್ಟೆಯ ಸಿಪ್ಪೆಗಾಗಿ ಹೆಣ್ಣು ತನ್ನ ಮೂಳೆಯನ್ನೇ ಕರಗಿಸಿಕೊಳ್ಳುತ್ತದೆ. ಕ್ಯಾಲ್ಸಿಯಂ ಮತ್ತು ಡಿ3 ಜೀವಸತ್ವ ಸಾಲದಿದ್ದರೆ ದವಡೆ ಮೆತ್ತಗಾಗಿ ಕಾಲು ಸೊಟ್ಟಗಾಗುತ್ತವೆ.

ಜೋಡಿ

ಗಂಡಿನ ಬಾಲದ ಬುಡದಲ್ಲಿ ಎರಡು ಉಬ್ಬುಗಳೂ ಅದರ ಮುಂದೆ ಸಾಲು ರಂಧ್ರಗಳೂ ಕಾಣುತ್ತವೆ. ಎರಡು ಗಂಡುಗಳನ್ನು ಒಟ್ಟಿಗೆ ಬಿಟ್ಟರೆ ಕಚ್ಚಾಡುತ್ತವೆ. ಹೆಣ್ಣಿಗೆ ಸುಮಾರು ಒಂದು ವರ್ಷ ತುಂಬಿ, 45ರಿಂದ 50 ಗ್ರಾಂ ತೂಕ ಬರುವ ತನಕ ಗಂಡಿನ ಬಳಿ ಬಿಡಬಾರದು. ಅವಸರ ಮಾಡಿದವರು ಮೊಟ್ಟೆಯನ್ನೂ ಹೆಣ್ಣನ್ನೂ ಕಳೆದುಕೊಳ್ಳುತ್ತಾರೆ. ಪೆಟ್ಟಿಗೆಯ ಒಂದು ಬದಿ 31ರಿಂದ 33 ಡಿಗ್ರಿ ಸೆಲ್ಸಿಯಸ್ ಬೆಚ್ಚಗೂ ಇನ್ನೊಂದು ಬದಿ ತಂಪಾಗಿಯೂ ಇರಲಿ.

ಮೊಟ್ಟೆ

ಹೆಣ್ಣು ಒಂದು ಸಲಕ್ಕೆ ಸಾಮಾನ್ಯವಾಗಿ ಎರಡು ಮೊಟ್ಟೆಯಿಟ್ಟು, ಋತುವಿನಲ್ಲಿ ಹಲವು ಸಲ ಇದನ್ನೇ ಮುಂದುವರಿಸುತ್ತದೆ. ಒದ್ದೆ ವರ್ಮಿಕ್ಯುಲೈಟ್ ತುಂಬಿದ ಮುಚ್ಚಳದ ಡಬ್ಬಿಗೆ ತೂತು ಮಾಡಿ ಒಳಗಿಟ್ಟರೆ ಅಲ್ಲಿಯೇ ಹೂತಿಡುತ್ತದೆ.

ಕೋಳಿ ಸಾಕಿದವರು ಎಡವುವುದು ಇಲ್ಲಿಯೇ. ಕೋಳಿಮೊಟ್ಟೆಯನ್ನು ಕಾವಿನಲ್ಲಿ ದಿನವೂ ಹೊರಳಿಸಬೇಕು; ಹಲ್ಲಿಯ ಮೊಟ್ಟೆಯನ್ನು ಹೊರಳಿಸಲೇಬಾರದು. ಇಟ್ಟ ಮೇಲೆ ಭ್ರೂಣ ಸಿಪ್ಪೆಯ ಒಳಮೈಗೆ ಅಂಟಿಕೊಳ್ಳುತ್ತದೆ. ಆಮೇಲೆ ತಿರುವಿದರೆ ಸಾಯಬಹುದು. ಆದ್ದರಿಂದ ಕಂಡ ಕೂಡಲೇ ಮೇಲ್ಭಾಗಕ್ಕೆ ಸೀಸದಕಡ್ಡಿಯಿಂದ ಗುರುತು ಹಾಕಿ, ಇದ್ದ ಹಾಗೆಯೇ ಎತ್ತಿ, ತೂಕಕ್ಕೆ ಸಮ ನೀರು ಬೆರೆಸಿದ ವರ್ಮಿಕ್ಯುಲೈಟ್‌ನಲ್ಲಿ ಅರ್ಧ ಹೂತು ಕಾವುಪೆಟ್ಟಿಗೆಗೆ ಸೇರಿಸಬೇಕು. ಸಿಪ್ಪೆ ಕೋಳಿಮೊಟ್ಟೆಯಂತೆ ಗಟ್ಟಿಯಲ್ಲ, ಚರ್ಮದಂತೆ ಮೆದು. ಮೇಲೆ ನೀರು ಚಿಮುಕಿಸುವುದು ಬೇಡ. ಕೆಲವು ದಿನಗಳ ಬಳಿಕ ಕತ್ತಲಲ್ಲಿ ಟಾರ್ಚ್ ಹಿಡಿದರೆ ಫಲಿತ ಮೊಟ್ಟೆಯಲ್ಲಿ ಕೆಂಪು ನರಗಳು ಕಾಣುತ್ತವೆ.

ಮರಿ ಗಂಡೋ ಹೆಣ್ಣೋ ಎಂಬುದನ್ನು ಕಾವಿನ ಶಾಖ ನಿರ್ಧರಿಸುತ್ತದೆ. 26 ಡಿಗ್ರಿಯಲ್ಲಿ ಬಹುಪಾಲು ಹೆಣ್ಣು, ಸುಮಾರು 32ರಲ್ಲಿ ಹೆಚ್ಚಿನವು ಗಂಡು. 34 ದಾಟಿದರೆ ಮತ್ತೆ ಹೆಣ್ಣೇ ಹೆಚ್ಚು. ಆದರೆ ಅಷ್ಟು ಶಾಖದಲ್ಲಿ ಮೊಟ್ಟೆ ಕೆಡುವ ಭಯವೂ ಇದೆ. 32ರಲ್ಲಿ ಒಂದೂವರೆ ತಿಂಗಳಿಗೆ ಒಡೆಯುವ ಮೊಟ್ಟೆ 27ರಲ್ಲಿ ಎರಡು ತಿಂಗಳಿಗೂ ಮೀರಿ ತೆಗೆದುಕೊಳ್ಳಬಹುದು. ಥರ್ಮೋಸ್ಟಾಟ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು. ವಿದ್ಯುತ್ ಪದೇಪದೇ ಹೋಗುವ ಊರಿನಲ್ಲಂತೂ ಬೇರೆ ಏರ್ಪಾಟು ಬೇಕೇ ಬೇಕು.

ತಳಿಯ ಆಯ್ಕೆಯಲ್ಲಿ ಬಣ್ಣಕ್ಕೆ ಮರುಳಾಗುವುದು ಒಳ್ಳೆಯದಲ್ಲ. ಲೆಮನ್ ಫ್ರಾಸ್ಟ್ ಎಂಬ ಅಂದದ ಬಣ್ಣದ ತಳಿಯಲ್ಲಿ ಚರ್ಮದ ಗೆಡ್ಡೆ ಕಾಣಿಸಿಕೊಂಡು, ಬಣ್ಣಕ್ಕೂ ಗೆಡ್ಡೆಗೂ ಒಂದೇ ವಂಶವಾಹಿಯ ಸಂಬಂಧವಿದೆ ಎಂದು 2021ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಮರಿ ಮೊದಲ ಪೊರೆ ಕಳಚಿದ ಮೇಲೆಯೇ ತಿನ್ನತೊಡಗುತ್ತದೆ. ಮೂರ್ನಾಲ್ಕು ದಿನ ಉಪವಾಸವಿದ್ದರೆ ಗಾಬರಿಯಾಗಬೇಕಿಲ್ಲ. ದೊಡ್ಡ ಹಲ್ಲಿಗಳು ಮರಿಗಳನ್ನು ತಿಂದುಬಿಡುವುದರಿಂದ ಪ್ರತ್ಯೇಕ ಡಬ್ಬಿಗಳಲ್ಲಿ, ಒದ್ದೆ ಕಾಗದದ ಮೇಲಿಟ್ಟು, ಮರಿಯ ತಲೆಯ ಅಗಲಕ್ಕಿಂತ ಚಿಕ್ಕ ಕೀಟವನ್ನೇ ಕೊಡಬೇಕು. ಮುಟ್ಟಿದ ಪ್ರತಿ ಸಲವೂ ಸೋಪಿನಿಂದ ಕೈ ತೊಳೆಯತಕ್ಕದ್ದು. ಹಲ್ಲಿಗಳ ಹಿಕ್ಕೆಯಲ್ಲಿ ಸಾಲ್ಮೊನೆಲ್ಲ ರೋಗಾಣು ಇರುವುದುಂಟು.