ಚಿಕಿತ್ಸೆಯ ಐದನೆಯ ಪಾದ

ವೈದ್ಯ, ದ್ರವ್ಯ, ಉಪಚಾರಕ, ರೋಗಿ ಎಂಬ ನಾಲ್ಕು ಪಾದಗಳ ಮೇಲೆ ಚಿಕಿತ್ಸೆ ನಿಂತಿದೆಯೆಂದು ಚರಕಾಚಾರ್ಯರು ಹೇಳಿದ್ದಾರೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ರೋಗಿಗಳನ್ನು ಹಲವು ದಶಕ ಕಂಡ ನಮಗೆ ಐದನೆಯದೊಂದನ್ನು ಸೇರಿಸಬೇಕೆನಿಸುತ್ತದೆ. ಅದು ವಾಹನ. ಸಮುದಾಯ ಆರೋಗ್ಯ ಕೇಂದ್ರದಲ್ಲಿ ಮೂವತ್ತು ಹಾಸಿಗೆಗಳಿದ್ದರೂ ತೋಟದ ವಸತಿಯ ರೋಗಿ ಅಲ್ಲಿಗೆ ತಲುಪದಿದ್ದರೆ ಫಲವೇನು?

ಕಬ್ಬಿನ ಹಂಗಾಮಿನ ಒಂದು ರಾತ್ರಿ, ಹಾವು ಕಚ್ಚಿದ ಯುವಕನೊಬ್ಬನನ್ನು ನಮ್ಮ ಬಾಗಿಲಿಗೆ ತಂದರು. ಆಗಲೇ ಎರಡು ತಾಸು ಕಳೆದಿತ್ತು. ಬಾಡಿಗೆ ಜೀಪಿಗೆ ಹಣ ಹೊಂದಿಸುವುದರಲ್ಲಿಯೇ ಒಂದು ತಾಸು ಹೋಗಿತ್ತು. 108ಕ್ಕೂ ಹಣ ಕೊಡಬೇಕೆಂದು ಮನೆಯವರು ಭಾವಿಸಿದ್ದರು. ಯುವಕ ಬದುಕಿದನು, ಆದರೆ ಹಲವು ದಿನ ಕೃತಕ ಉಸಿರಾಟದ ಮೇಲಿರಬೇಕಾಯಿತು.

ಆಯುರ್ವೇದ ವೈದ್ಯರಾದ ನಾವೇ ಸ್ಪಷ್ಟವಾಗಿ ಹೇಳುತ್ತೇವೆ: ಹಾವು ಕಚ್ಚಿದವರನ್ನು ನಮ್ಮ ಬಳಿಗೆ ತರಬೇಡಿರಿ. ವಿಷ ಏರಿದವರಿಗೆ ಬೇಕಾದ ಪ್ರತಿವಿಷದ ಚುಚ್ಚುಮದ್ದು ಇರುವುದು ಆಸ್ಪತ್ರೆಯಲ್ಲಿ. ಗಾಯ ಕೊಯ್ಯದೆ, ಬಿಗಿಯಾಗಿ ಕಟ್ಟದೆ, ಕೈಕಾಲು ಅಲುಗಾಡದಂತೆ ಇರಿಸಿ ಹೊರಡಬೇಕು. 2008ರಲ್ಲಿ ರಾಜ್ಯದಲ್ಲಿ ಆರಂಭವಾದ 108 ಆಂಬುಲೆನ್ಸ್ ಸೇವೆ ಸಂಪೂರ್ಣ ಉಚಿತ. ಕರೆ ಮಾಡುವಾಗ ಊರಿನ ಹೆಸರಷ್ಟೇ ಸಾಲದು. ಗುಡಿ, ಕಾಲುವೆ, ಶಾಲೆ, ಯಾವುದಾದರೊಂದು ಗುರುತು ಹೇಳಿ, ಒಬ್ಬರು ಬ್ಯಾಟರಿ ಹಿಡಿದು ಮುಖ್ಯರಸ್ತೆಯಲ್ಲಿ ನಿಲ್ಲಬೇಕು. ಕಬ್ಬಿನ ಟ್ರ್ಯಾಕ್ಟರುಗಳಿಂದ ದಾರಿ ಕಟ್ಟಿದ್ದರೆ ಕಾಯುತ್ತ ಕೂಡ್ರದೆ, ರೋಗಿಯನ್ನು ಬೈಕಿನ ಮೇಲೆ ಇಬ್ಬರ ನಡುವೆ ಕೂಡ್ರಿಸಿಕೊಂಡು ಆಂಬುಲೆನ್ಸಿಗೆ ಎದುರಾಗಿ ಹೋಗುವುದು ಲೇಸು.

ಗರ್ಭಿಣಿಯರಿಗೆ 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಮನೆಯಿಂದ ಸರ್ಕಾರಿ ಆಸ್ಪತ್ರೆಗೆ, ಅಲ್ಲಿಂದ ದೊಡ್ಡ ಆಸ್ಪತ್ರೆಗೆ, ಹೆರಿಗೆಯ ನಂತರ ಮರಳಿ ಮನೆಗೆ ಉಚಿತ ವಾಹನದ ಹಕ್ಕಿದೆ. ವರ್ಷದೊಳಗಿನ ಅಸ್ವಸ್ಥ ಶಿಶುವಿಗೂ ಇದು ಅನ್ವಯಿಸುತ್ತದೆ. ಮರಳುವ ವಾಹನವನ್ನು ಕೇಳಲು ಸಂಕೋಚಪಟ್ಟು ಹಸಿ ಬಾಣಂತಿಯನ್ನು ತುಂಬಿದ ಟಂಟಂನಲ್ಲಿ ಕರೆತರುವವರನ್ನು ಕಂಡಿದ್ದೇವೆ. ಎಂಟನೆಯ ತಿಂಗಳಿನಲ್ಲಿಯೇ ಆಶಾ ಕಾರ್ಯಕರ್ತೆಯೊಡನೆ ಮಾತನಾಡಿ, ಯಾರು ಕರೆ ಮಾಡುವವರು, ಯಾರು ಜೊತೆಗೆ ಹೋಗುವವರು ಎಂಬುದನ್ನು ನಿಶ್ಚಯಿಸಿರಿ.

ಮಧುಮೇಹ, ರಕ್ತದೊತ್ತಡಗಳ ತಿಂಗಳ ತಪಾಸಣೆಗೆ 108 ಬರುವುದಿಲ್ಲ. ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯ ಉಚಿತ ಬಸ್ಸಿದೆ. ಬನಹಟ್ಟಿಯ ವೃದ್ಧ ನೇಕಾರನಿಗಾದರೋ ಬಸ್ ಚಾರ್ಜೂ ಬೇಕು, ಆ ದಿನದ ಕೂಲಿಯೂ ಹೋಗುತ್ತದೆ; ಹೀಗಾಗಿ ಗುಳಿಗೆ ಮುಗಿದರೂ ಆತ ಸುಮ್ಮನಿರುತ್ತಾನೆ. ಸಂತೆಗೆ ವಾಹನ ಒಯ್ಯುವ ಓದುಗರು ಓಣಿಯ ಇಂಥ ಒಬ್ಬರನ್ನು ಕೂಡ್ರಿಸಿಕೊಂಡು, ಆಸ್ಪತ್ರೆಯ ಬಾಗಿಲಲ್ಲಿ ಇಳಿಸಿ ಹೋಗಬಹುದಲ್ಲವೆ? ಮರಳುವಾಗ ಕರೆತರುವುದನ್ನು ಮಾತ್ರ ಮರೆಯಬಾರದು.