ಟ್ರ್ಯಾಕ್ಟರಿನ ಫ್ಯಾನ್ ಬೆಲ್ಟು: ಬಿಗಿತ ಮತ್ತು ಬದಲಾವಣೆ

ಧೂಪದಾಳದಲ್ಲಿ 1897ರಲ್ಲಿ ಕಟ್ಟಿ ಮುಗಿಸಿದ ಒಡ್ಡು ಹಾಗೂ 1977ರಲ್ಲಿ ಪೂರ್ಣಗೊಂಡ ಹಿಡಕಲ್ ಜಲಾಶಯದಿಂದ ಘಟಪ್ರಭೆಯ ನೀರು ಹೊಲಗಳಿಗೆ ಹರಿಯಿತು. ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದಲ್ಲಿ ಕಬ್ಬು ಹೆಚ್ಚಿತು. ಕಬ್ಬಿನೊಡನೆ ಟ್ರ್ಯಾಕ್ಟರುಗಳೂ ಹೆಚ್ಚಿದವು. ಕಡಿದ ಕಬ್ಬು ಹೊತ್ತು ಕಳೆದಂತೆ ತೂಕದಲ್ಲಿಯೂ ಸಕ್ಕರೆಯ ಅಂಶದಲ್ಲಿಯೂ ಇಳಿಯುತ್ತದೆ. ಆದುದರಿಂದ 24 ಗಂಟೆಯೊಳಗೆ ಅರೆಯುವುದು ಉತ್ತಮ. ಹೇರಿದ ಟ್ರ್ಯಾಕ್ಟರು ದಾರಿಯಲ್ಲಿ ನಿಂತರೆ ಎಂಜಿನಿನ ದುರಸ್ತಿಯ ಜೊತೆಗೆ ಬೆಳೆಯ ನಷ್ಟವನ್ನೂ ರೈತನೇ ಹೊರಬೇಕಾಗುತ್ತದೆ. ಅಲ್ಪ ಬೆಲೆಯ ಬೆಲ್ಟೊಂದು ಇಂಥ ನಷ್ಟಕ್ಕೆ ಕಾರಣವಾಗಬಲ್ಲದು.

ಬೆಲ್ಟಿನ ಕೆಲಸ

ನೀರಿನಿಂದ ತಂಪಾಗುವ ಹೆಚ್ಚಿನ ಟ್ರ್ಯಾಕ್ಟರುಗಳಲ್ಲಿ ಫ್ಯಾನು, ನೀರಿನ ಪಂಪು ಮತ್ತು ಆಲ್ಟರ್ನೇಟರು ಒಂದೇ ಬೆಲ್ಟಿನಿಂದ ತಿರುಗುತ್ತವೆ. ಬೆಲ್ಟು ಸಡಿಲಾದರೆ ಬ್ಯಾಟರಿಗೆ ಚಾರ್ಜು ಸಾಲದು, ರೇಡಿಯೇಟರಿಗೆ ಗಾಳಿ ಸಾಲದು, ನೀರೂ ಸರಿಯಾಗಿ ಸುತ್ತದು. ಯಾಂತ್ರಿಕ ಪಂಪಿನ ಡೀಸೆಲ್ ಎಂಜಿನು ಚಾರ್ಜು ಇಲ್ಲದೆಯೂ ಓಡುತ್ತದೆ. ಇದರಿಂದ ಚಾಲಕನು ಮೋಸಹೋಗುತ್ತಾನೆ. ಗಾಡಿ ಓಡುತ್ತಲೇ ಇರುತ್ತದೆ. ಒಳಗೆ ಕಾವು ಏರಿ ಹೆಡ್ ಗ್ಯಾಸ್ಕೆಟು ಸುಡುತ್ತದೆ, ಹೆಡ್ಡು ಸೊಟ್ಟಾಗುತ್ತದೆ.

ದೋಷದ ಗುರುತುಗಳು

ಚಾರ್ಜಿನ ದೀಪ ಹೊತ್ತಿ, ಕಾವಿನ ಮುಳ್ಳೂ ಏರಿದರೆ ಬೆಲ್ಟು ಜಾರುತ್ತಿದೆ ಅಥವಾ ಹರಿದಿದೆ ಎಂದು ಶಂಕಿಸಬೇಕು. ದೀಪ ಮಾತ್ರ ಹೊತ್ತಿದರೆ ಆಲ್ಟರ್ನೇಟರನ್ನೂ, ಕಾವು ಮಾತ್ರ ಏರಿದರೆ ನೀರಿನ ಮಟ್ಟವನ್ನೂ ರವದಿ, ದೂಳು ತುಂಬಿದ ರೇಡಿಯೇಟರನ್ನೂ ನೋಡಬೇಕು. ಎಂಜಿನು ಚಾಲೂ ಮಾಡಿದಾಗ ಕಿರುಗುಟ್ಟುವುದು, ಬೆಲ್ಟಿನ ಪಕ್ಕೆಗಳು ಕನ್ನಡಿಯಂತೆ ಹೊಳೆಯುವುದು, ಸೀಳು ಬಿಡುವುದು ಸವೆತದ ಲಕ್ಷಣಗಳು. ವಿ-ಬೆಲ್ಟು ಪುಲ್ಲಿಯ ಎರಡು ಪಕ್ಕಗಳನ್ನು ಹಿಡಿದು ಎಳೆಯುತ್ತದೆ. ಅದು ಪುಲ್ಲಿಯ ತೋಡಿನ ಅಡಿಗೆ ಇಳಿದರೆ, ಬಿಗಿಮಾಡಿ ಪ್ರಯೋಜನವಿಲ್ಲ, ಬದಲಿಸಲೇಬೇಕು.

ಬದಲಿಸುವ ಕ್ರಮ

1. ಎಂಜಿನು ನಿಲ್ಲಿಸಿ, ತಣ್ಣಗಾಗಲು ಬಿಟ್ಟು, ಕೀಲಿ ಕೈಯನ್ನು ಕಿಸೆಯಲ್ಲಿಡಬೇಕು. ಬ್ಯಾಟರಿಯ ಋಣ ತಂತಿ ಬಿಚ್ಚಬೇಕು.

2. ಆಲ್ಟರ್ನೇಟರಿನ ಕೀಲಿನ ಬೋಲ್ಟನ್ನೂ ಸೀಳುಪಟ್ಟಿಯ ಬೋಲ್ಟನ್ನೂ ಪಾನಾದಿಂದ ಸಡಿಲಿಸಿ, ಅದನ್ನು ಎಂಜಿನಿನ ಕಡೆಗೆ ಒತ್ತಿ ಹಳೆಯ ಬೆಲ್ಟನ್ನು ತೆಗೆಯಬೇಕು.

3. ಪುಲ್ಲಿಗಳನ್ನು ಕೈಯಿಂದ ತಿರುಗಿಸಿ ನೋಡಬೇಕು. ಗರಗರ ಸದ್ದು ಅಥವಾ ಅಲುಗಾಟವಿದ್ದರೆ ಬೇರಿಂಗು ಸವೆದಿದೆ. ಸೀಳುಪಟ್ಟಿ ಬಿರಿದಿದ್ದರೆ, ಬೋಲ್ಟಿನ ಹಲ್ಲು ಹೋಗಿದ್ದರೆ ಹೊಸದನ್ನೇ ಹಾಕಬೇಕು. ಇಲ್ಲದಿದ್ದರೆ ಬಿಗಿತ ನಿಲ್ಲದು.

4. ಅದೇ ಅಳತೆಯ ಬೆಲ್ಟನ್ನು ಕೈಯಿಂದಲೇ ಏರಿಸಬೇಕು. ಸ್ಕ್ರೂಡ್ರೈವರಿನಿಂದ ಮೀಟಿದರೆ ಒಳಗಿನ ಎಳೆಗಳು ಹರಿಯುತ್ತವೆ.

5. ಕಟ್ಟಿಗೆಯ ತುಂಡಿನಿಂದ ಆಲ್ಟರ್ನೇಟರನ್ನು ಹೊರಕ್ಕೆ ಮೀಟಿ ಹಿಡಿದು ಬೋಲ್ಟುಗಳನ್ನು ಬಿಗಿಯಬೇಕು. ಉದ್ದ ಭಾಗದ ನಡುವೆ ಹೆಬ್ಬೆರಳಿನಿಂದ ಒತ್ತಿದಾಗ ಸುಮಾರು 10ರಿಂದ 15 ಮಿ.ಮೀ. ತಗ್ಗಬೇಕು. ಗಾಡಿಯ ಕೈಪಿಡಿಯಲ್ಲಿ ಬೇರೆ ಅಳತೆಯಿದ್ದರೆ ಅದನ್ನೇ ಪಾಲಿಸಬೇಕು. ಅತಿ ಬಿಗಿಯಾದರೆ ಪಂಪಿನ ಬೇರಿಂಗು ಕೆಡುತ್ತದೆ.

6. ಹೊಸ ಬೆಲ್ಟು ಮೊದಲು ಸ್ವಲ್ಪ ಹಿಗ್ಗುತ್ತದೆ. ಕೆಲವು ಗಂಟೆ ಓಡಿಸಿದ ಬಳಿಕ ಮತ್ತೆ ಪರೀಕ್ಷಿಸಬೇಕು.

ಮನೆಯ ವ್ಯಾನಿಗೆ

ಹೊಸ ಮಾದರಿಯ ಅನೇಕ ವ್ಯಾನು, ಕಾರುಗಳಲ್ಲಿ ಸ್ಪ್ರಿಂಗಿನ ಟೆನ್ಷನರು ತಾನೇ ಬಿಗಿತ ಕಾಯುತ್ತದೆ. ಅದರ ತೋಳು ನಡುಗಿದರೆ, ರಾಟೆ ಸದ್ದುಮಾಡಿದರೆ ಟೆನ್ಷನರನ್ನೇ ಬದಲಿಸಬೇಕು. ಬಿಚ್ಚುವ ಮೊದಲು ಬೆಲ್ಟು ಸುತ್ತಿದ ದಾರಿಯನ್ನು ಕಾಗದದ ಮೇಲೆ ಗೀಚಿಕೊಂಡರೆ ಮರಳಿ ಜೋಡಿಸುವುದು ಸುಲಭ. ಸವೆದ ಬೆಲ್ಟನ್ನು ಹೊಸ ಟೆನ್ಷನರಿಗೆ ಹಾಕಬಾರದು.

ಎಚ್ಚರಿಕೆ

ಜಾರುವ ಬೆಲ್ಟಿಗೆ ಸಾಬೂನು, ರಾಳ, ಗ್ರೀಸು ಹಚ್ಚಬಾರದು. ತಿರುಗುವ ಬೆಲ್ಟಿನ ಬಳಿ ಧೋತರದ ಚುಂಗು, ಟವೆಲು, ಸೆರಗು ಸುಳಿಯಬಾರದು. ದಾರಿಯಲ್ಲಿ ಬೆಲ್ಟು ಹರಿದರೆ ಎಂಜಿನನ್ನು ಕೂಡಲೇ ನಿಲ್ಲಿಸಬೇಕು. ಪಂಪು ತಿರುಗದಿರುವಾಗ ನೀರು ಸುರಿದು ಓಡಿಸಿದರೆ ಉಪಯೋಗವಿಲ್ಲ. ಕಾದ ರೇಡಿಯೇಟರಿನ ಮುಚ್ಚಳ ತೆಗೆದರೆ ಕುದಿನೀರು ಮುಖಕ್ಕೆ ಚಿಮ್ಮುತ್ತದೆ.

ಕಬ್ಬಿನ ಹಂಗಾಮಿಗೆ ಮುನ್ನ ಬೆಲ್ಟನ್ನು ಪರೀಕ್ಷಿಸಿ, ಅದೇ ಅಳತೆಯ ಇನ್ನೊಂದನ್ನು ಪಾನಾದೊಡನೆ ಪೆಟ್ಟಿಗೆಯಲ್ಲಿ ಇಟ್ಟುಕೊಂಡ ರೈತನ ಕಬ್ಬು ವೇಳೆಗೆ ಸರಿಯಾಗಿ ಕಾರ್ಖಾನೆ ಸೇರುತ್ತದೆ.